ಮೆಟ್ಟಿಲ ಕೆಳಗಿನ ಸುವಿಚಾರ

ಘಣಸೋಲಿಯ ನಮ್ಮ ಸೊಸೈಟಿಯಲ್ಲಿ ನಾಲ್ಕು ವರ್ಷ, ದಿನಾ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಒಳಗೆ ತೆಗೆದುಕೊಳ್ಳುವ ಮೊದಲೇ ಕೆಳಗಿಳಿದು, ಲೋಕದ ದೊಡ್ಡ ದೊಡ್ಡವರ ಮಾತನ್ನು ಕರಿಹಲಗೆಯ ಮೇಲೆ ಬರೆದವಳು ನಾನು. ತತ್ತ್ವಜ್ಞಾನಿಗಳು, ಚಿತ್ರಕಾರರು, ಯಂತ್ರ ಕಂಡುಹಿಡಿದವರು, ಯಾರನ್ನೂ ಬಿಟ್ಟಿಲ್ಲ. ಸತ್ಯ ಹೇಳಬೇಕೆಂದರೆ ಆ ಮಾತುಗಳಲ್ಲಿ ಅರ್ಧದಷ್ಟು ನನಗೆ ಆಗಲೂ ಅರ್ಥವಾಗಿರಲಿಲ್ಲ, ಈಗಲೂ ಆಗಿಲ್ಲ. ಆದರೆ ಅಕ್ಷರ ಚೆನ್ನಾಗಿತ್ತು. ಈ ಊರಿನಲ್ಲಿ ಅಕ್ಷರ ಚೆನ್ನಾಗಿದ್ದವರಿಗೆ ಬಿಟ್ಟಿ ಕೆಲಸಕ್ಕೆ ಬರವಿಲ್ಲ.

ಅಕ್ಷರ ತಿದ್ದಿಕೊಂಡದ್ದು ಶಾಲೆಯಲ್ಲಲ್ಲ, ಹೋಟೆಲಿನಲ್ಲಿ. ನಮ್ಮವರು ವಾಶಿಯ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರು. ಮದುವೆಯಾಗಿ ಬಂದ ಹೊಸತರಲ್ಲಿ ನಾವು ಇದ್ದದ್ದು ಆ ಹೋಟೆಲಿನ ಮೇಲಿನ ಕೋಣೆಯಲ್ಲೇ. ಬಾಗಿಲ ಹತ್ತಿರ ನಿಲ್ಲಿಸುವ ಹಲಗೆಯಲ್ಲಿ ಇವತ್ತಿನ ಸ್ಪೆಶಲ್ ಏನು ಎಂದು ಹಿಂದಿಯಲ್ಲಿ ಬರೆಯುವ ಕೆಲಸ ಮೆಲ್ಲಗೆ ನನ್ನ ಕೊರಳಿಗೆ ಬಿತ್ತು. ನೀರುದೋಸೆ, ಬಿಸಿಬೇಳೆಬಾತು, ಸೋಮವಾರ ಸಾಬುದಾಣೆ ಖಿಚಡಿ. ಘಣಸೋಲಿಯಲ್ಲಿ ಸ್ವಂತ ಮನೆ ಮಾಡಿ ಬಂದ ಮೇಲೆ ಅದು ತಪ್ಪಿತು ಎಂದು ನಾನು ನಿಟ್ಟುಸಿರು ಬಿಡುವಷ್ಟರಲ್ಲಿ, ನಮ್ಮ ಸೊಸೈಟಿಯ ಸೆಕ್ರೆಟರಿ ಬಾಗಿಲು ತಟ್ಟಿದರು. ನಿವೃತ್ತರಾದ ಮರಾಠಿ ಗೃಹಸ್ಥರು, ಆ ಹೋಟೆಲಿನ ಹಳೆಯ ಗಿರಾಕಿ.

"ವಹಿನಿ, ತೋ ಬೋರ್ಡ್ ತುಮ್ಹೀಚ್ ಲಿಹಾಯಚಾ ನಾ?" ಎಂದು ಕೇಳಿದರು. ಆ ಬೋರ್ಡು ಬರೆಯುತ್ತಿದ್ದದ್ದು ನೀವೇ ಅಲ್ಲವೇ ಎಂದು. ಹೌದು ಎಂದೆ. ಅಷ್ಟೇ, ಸಿಕ್ಕಿಬಿದ್ದೆ. ಕೆಳಗೆ ಮೆಟ್ಟಿಲಿನ ಬುಡದಲ್ಲಿ ಅಂಚೆ ಪೆಟ್ಟಿಗೆಗಳ ಪಕ್ಕ ಒಂದು ಕರಿಹಲಗೆ ಹಾಕಿಸಿದ್ದರು. ಮೇಲೆ ಬಿಳಿ ಬಣ್ಣದಲ್ಲಿ 'ಸುವಿಚಾರ' ಎಂದು ಬರೆಸಿಯೂ ಆಗಿತ್ತು. ವಿಚಾರ ತುಂಬುವುದು ಮಾತ್ರ ಬಾಕಿ.

ಮೊದಲ ದಿನದ ಫಜೀತಿ ಹೇಳಲೇಬೇಕು. ಕೈಗೆ ಹೋಟೆಲಿನ ರೂಢಿ. ಎಡಗಡೆ ಒಂದು ನಕ್ಷತ್ರ ಹಾಕಿ, ಮಾತನ್ನು ಬರೆದು, ಚುಕ್ಕಿ ಚುಕ್ಕಿ ಎಳೆದು, ಬಲತುದಿಯಲ್ಲಿ ದರ ಬರೆಯುವ ಜಾಗದಲ್ಲಿ ಆ ತತ್ತ್ವಜ್ಞಾನಿಯ ಹೆಸರು ಬರೆದುಬಿಟ್ಟಿದ್ದೆ. ಸೆಕ್ರೆಟರಿಯವರು ಕನ್ನಡಕ ಹಣೆಗೇರಿಸಿ ನೋಡಿ, ಇದರ ಜೊತೆಗೆ ಚಟ್ನಿ ಉಂಟೋ ಇಲ್ಲವೋ ಎಂದು ಕೇಳಿದರು. ನನಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಮಾತುಗಳು ಸಿಗುತ್ತಿದ್ದದ್ದು ಒಂದು ದಪ್ಪ ಇಂಗ್ಲಿಷ್ ಪುಸ್ತಕದಿಂದ. ನಮ್ಮವರು ರದ್ದಿ ಅಂಗಡಿಯಿಂದ ಎತ್ತಿಕೊಂಡು ಬಂದದ್ದು. ರಕ್ಷಾಪುಟ ಇರಲಿಲ್ಲ, ಹೆಸರೇನೆಂದು ಕೊನೆಗೂ ಗೊತ್ತಾಗಲಿಲ್ಲ. ಅದರಲ್ಲಿ ಮೂರು ಭಾಗ. ಮೊದಲು ಚಿಂತಕರು, ಆಮೇಲೆ ಕಲಾವಿದರು, ಕೊನೆಗೆ ಹೊಸದನ್ನು ಕಂಡುಹಿಡಿದವರು. ನಾನು ಇಂಗ್ಲಿಷಿನಲ್ಲಿ ಓದುವುದು, ಮನಸ್ಸಿನೊಳಗೆ ಕನ್ನಡ ಮಾಡಿಕೊಳ್ಳುವುದು, ಹಲಗೆಗೆ ಹಿಂದಿ ಹಾಕುವುದು. ಹಿಂದಿ ತಡೆದಾಗ ನಮ್ಮವರನ್ನು ಕೇಳುತ್ತಿದ್ದೆ. ಅವರದ್ದು ಗಲ್ಲಾದ ಹಿಂದಿ. ಆತ್ಮಕ್ಕೆ ಏನು ಹೇಳ್ತಾರೆ ಅಂದರೆ, "ಆತ್ಮಾ ಅಂತಲೇ ಬರಿ ಮಾರಾಯ್ತಿ, ಉಪ್ಪಿಟ್ಟಿಗೆ ಉಪ್ಮಾ ಅಂದ ಹಾಗೆ" ಎನ್ನುತ್ತಿದ್ದರು. ಆ ಮಹಾನುಭಾವರ ಹೆಸರುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ಪುಸ್ತಕದ ಮೇಲೆ ನನಗೆ ಈಗ ಭರವಸೆ ಇಲ್ಲ. ಯಾರ ಮಾತನ್ನು ಯಾರ ತಲೆಗೆ ಕಟ್ಟಿತ್ತೋ ಆ ದೇವರಿಗೇ ಗೊತ್ತು.

ಓದುತ್ತ ಹೋದ ಹಾಗೆ ನನ್ನ ತಲೆ ಇನ್ನಷ್ಟು ಕೆಟ್ಟಿತು. ಮಂಗಳವಾರದವನು ಒಬ್ಬಂಟಿಯಾಗಿರಲು ಕಲಿ ಎಂದರೆ, ಬುಧವಾರದವನು ಜನರೊಳಗೆ ಬೆರೆಯದವನು ಮನುಷ್ಯನೇ ಅಲ್ಲ ಎನ್ನುವನು. ಒಬ್ಬ ಅವಸರ ಬೇಡ ಎನ್ನುವನು, ಮರುಪುಟದವನಿಗೆ ಒಂದು ನಿಮಿಷವೂ ತಡೆಯದು. ಇವರನ್ನೆಲ್ಲ ಒಂದೇ ಬಿಲ್ಡಿಂಗಿನಲ್ಲಿ ಇಟ್ಟರೆ ತಿಂಗಳ ಮೀಟಿಂಗು ಹೇಗಿರಬಹುದು ಎಂದು ಯೋಚಿಸಿ ಒಬ್ಬಳೇ ನಗುತ್ತಿದ್ದೆ.

ಆದರೆ ಬಿಲ್ಡಿಂಗಿನವರಿಗೆ ಈ ಗೊಂದಲವೇ ಇರಲಿಲ್ಲ. ಅವರಿಗೆ ಒಂದೇ ಪ್ರಶ್ನೆ: ಇವತ್ತಿನದ್ದು ಯಾರಿಗೆ ಬಿಟ್ಟ ಬಾಣ? ಮನಸ್ಸಿನ ಕೊಳೆ ತೊಳೆಯುವುದರ ಬಗ್ಗೆ ಯಾವನೋ ಜ್ಞಾನಿಯ ಮಾತು ಬರೆದ ದಿನವೇ ಎರಡನೇ ಮಾಳಿಗೆಯವರ ಕಸದ ಚೀಲ ಮೆಟ್ಟಿಲ ಮೇಲೆ ಒಡೆದಿತ್ತು. ಅವರು ನನ್ನ ಜೊತೆ ಒಂದು ವಾರ ಮಾತು ಬಿಟ್ಟರು. ಆಗ ಸೆಕ್ರೆಟರಿಯವರೇ ಒಂದು ನಿಯಮ ಮಾಡಿದರು. ಪುಸ್ತಕದಲ್ಲಿ ಇದ್ದ ಸಾಲಿನಲ್ಲೇ ಬರೆಯುವುದು, ದಿನಕ್ಕೊಂದು, ಹಿಂದಿಲ್ಲ ಮುಂದಿಲ್ಲ. ಯಾರಾದರೂ ಕೇಳಿದರೆ ಪುಸ್ತಕ ತೆಗೆದು ತೋರಿಸುವುದು. ಈ ನಿಯಮ ನನಗೂ ಹಿತವಾಗಿತ್ತು. ಆರಿಸುವ ಜವಾಬ್ದಾರಿ ನನ್ನದಲ್ಲ ಎಂದ ಮೇಲೆ ಯಾರ ಮುಖಕ್ಕೂ ಹೆದರಬೇಕಾಗಿಲ್ಲ. ಎಲ್ಲಿಯವರೆಗೆ ಬರೆದಾಯಿತೆಂದು ನೆನಪಿಗೆ ಪುಟದೊಳಗೆ ಹೋಟೆಲಿನ ಒಂದು ಬಿಲ್ಲಿನ ಚೀಟಿ ಇಟ್ಟುಕೊಂಡೆ.

ನಮ್ಮ ಎದುರು ಬಾಗಿಲಿನ ಮನೆ ಧಾರವಾಡ ಕಡೆಯ ಒಬ್ಬ ಅಕ್ಕನದ್ದು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಯಜಮಾನರು ಠಾಣೆಯ ಒಂದು ಕಾರ್ಖಾನೆಯಲ್ಲಿದ್ದು ತೀರಿಕೊಂಡಿದ್ದರು. ಇದ್ದದ್ದು ಒಬ್ಬಳೇ ಮಗಳು. ಅಕ್ಕನ ಕನ್ನಡ ಮೊದಮೊದಲು ನನಗೆ ಜಗಳವಾಡಿದ ಹಾಗೆ ಕೇಳುತ್ತಿತ್ತು, ನನ್ನದು ಅವರಿಗೆ ಪುಸ್ತಕ ಓದಿದ ಹಾಗೆ. "ನೀ ಎಂತದು ಎಂತದು ಅಂತೀಯಲ್ಲ, ಎಂತಾದ್ದು ಅಂತ ಒಮ್ಮೆರ ಹೇಳ" ಎಂದು ಕಾಡುತ್ತಿದ್ದರು. ಅವರ ಮನೆಯಿಂದ ರೊಟ್ಟಿ, ಶೇಂಗಾ ಚಟ್ನಿ ಬರುವುದು, ನಮ್ಮ ಮನೆಯಿಂದ ಪತ್ರೊಡೆ, ಹಲಸಿನ ಹಪ್ಪಳ ಹೋಗುವುದು. ಡಬ್ಬಿ ಯಾವತ್ತೂ ಬರಿದಾಗಿ ಹಿಂತಿರುಗಿದ್ದಿಲ್ಲ. ಏನೂ ಇಲ್ಲದ ದಿನ ನಾಲ್ಕು ಕಾಳು ಸಕ್ಕರೆಯಾದರೂ ಹಾಕಿ ಕೊಡುವುದು ಇಬ್ಬರ ಮನೆಯಲ್ಲೂ ರೂಢಿ. ಈ ಊರಿನಲ್ಲಿ ನನಗೆ ಅಕ್ಕ ಎನ್ನಲು ಇದ್ದವರು ಅವರೊಬ್ಬರೇ.

ಮಗಳು ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಎಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಬೇಲಾಪುರದ ಒಂದು ಆಫೀಸಿನಲ್ಲಿ ಕೆಲಸ. ಕಲ್ಯಾಣದ ಒಂದು ಒಳ್ಳೆಯ ಕನ್ನಡ ಮನೆತನಕ್ಕೆ ಕೊಟ್ಟಿದ್ದರು. ಮದುವೆಯ ಊಟಕ್ಕೆ ಹೋಳಿಗೆ ತಟ್ಟಲು ನಾನೂ ಕೂತಿದ್ದೆ. ಮದುವೆಯಾಗಿ ಹತ್ತು ತಿಂಗಳಿಗೆ, ಒಂದು ಗುರುವಾರ ಆಫೀಸಿನಿಂದ ಕಲ್ಯಾಣಕ್ಕೆ ಹೋಗಬೇಕಾದವಳು ಘಣಸೋಲಿಯಲ್ಲಿ ಇಳಿದು ತಾಯಿಯ ಮನೆಗೆ ಬಂದಳು. ಮರುದಿನವೂ ಹೋಗಲಿಲ್ಲ. ಅದರ ಮರುದಿನವೂ ಇಲ್ಲ.

ಅಕ್ಕ ಬಿಲ್ಡಿಂಗಿನಲ್ಲೆಲ್ಲ ಆಫೀಸಿನ ಟ್ರೇನಿಂಗು ಎಂದು ಹೇಳಿದರು. ನನಗೆ ಮಾತ್ರ ಅಡಿಗೆಮನೆಗೆ ಕರೆದು, ಬಾಗಿಲು ಮುಂದೆ ಮಾಡಿ ಹೇಳಿದರು.

"ನಿನ್ನ ಮುಂದಷ್ಟ ಹೇಳಾಕತ್ತೇನಿ ತಂಗಿ, ಎಲ್ಲೂ ಬಾಯಿ ಬಿಡಬ್ಯಾಡ. ಅಂವಾ ಕುಡಿಯಂಗಿಲ್ಲ, ಹೊಡಿಯಂಗಿಲ್ಲ, ಬಯ್ಯಂಗಿಲ್ಲ. ಮಾತ ಆಡಂಗಿಲ್ಲಂತ. ಹತ್ತ ತಿಂಗಳ ಆತು, ಏನರ ಬೇಕಂದ್ರ ಚೀಟಿ ಬರದು ಫ್ರಿಜ್ಜಿಗಿ ಹಚ್ಚತಾನಂತ. ಇದೊಂದು ತ್ರಾಸು ಅಂತ ಮಂದಿ ಮುಂದ ಹೆಂಗ ಹೇಳೂದು, ಹೇಳ?"

ನನಗೂ ತಿಳಿಯಲಿಲ್ಲ. ಹೊಡೆದರೆ ಗಾಯ ತೋರಿಸಬಹುದು. ಕುಡಿದರೆ ವಾಸನೆ ಬರುತ್ತದೆ. ಮಾತಾಡದ ಗಂಡ ಎಂದರೆ ಕೇಳಿದವರು, ಪುಣ್ಯವಂತೆ, ನಮ್ಮವನು ಬಾಯಿ ಮುಚ್ಚಿದರೆ ಸಾಕಾಗಿತ್ತು ಎಂದು ನಗುತ್ತಾರೆ. ನಾನೇ ನಕ್ಕುಬಿಡುತ್ತಿದ್ದೆನೋ ಏನೋ, ಆ ಹುಡುಗಿಯ ಮುಖ ನೋಡದೆ ಇದ್ದಿದ್ದರೆ. ಅವಳು ಸೋಫಾದ ಮೇಲೆ ಕೂತು ಟೀವಿ ಹಾಕಿದ್ದಳು, ಸದ್ದು ತೀರ ಜೋರಾಗಿ ಇಟ್ಟಿದ್ದಳು. ಕಡಿಮೆ ಮಾಡಲು ಅಕ್ಕ ರಿಮೋಟು ಎತ್ತಿದರೆ, "ರೆಹನೆ ದೋ ನಾ ಮಮ್ಮಿ" ಎಂದು ಅಳುಮೋರೆ ಮಾಡಿದಳು. ಇರಲಿ ಬಿಡಮ್ಮ ಎಂದು.

ಎರಡು ವಾರ ಕಳೆಯಿತು. ಬೀಗರಿಂದ ಫೋನು ಬಂತು. ಭಾನುವಾರ ಹನ್ನೊಂದು ಗಂಟೆಗೆ ಬರುತ್ತೇವೆ, ಸೊಸೆಯನ್ನು ಕರೆದುಕೊಂಡು ಹೋಗುತ್ತೇವೆ ಎಂದು. ಶನಿವಾರ ಸಂಜೆ ಅಕ್ಕ ನನ್ನನ್ನು ಕರೆದು ಕೂರಿಸಿದರು. ಮಗಳೂ ಅಲ್ಲೇ ಬಟ್ಟೆ ಮಡಚುತ್ತಿದ್ದಳು.

"ಹೋಗಲಿ ಅಲ್ಲೇನ ತಂಗಿ? ಸಂಸಾರ ಅಂದ ಮ್ಯಾಲ ಹಿಂದ ಮುಂದ ಆಗೂದ. ನೀ ಏನಂತಿ?"

ಅಕ್ಕನ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. ನನಗೆ ಬೇರೇನೂ ತೋಚಲಿಲ್ಲ. "ಹೌದಕ್ಕ, ಹೋಗ್ಲಿ. ದಿನ ಹೋದ ಹಾಗೆ ಸರಿಯಾಗ್ತದೆ" ಎಂದೆ. ಹುಡುಗಿ ಒಂದು ದುಪಟ್ಟಾವನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ತಲೆ ಎತ್ತಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಎಂದಿನಂತೆ ಇಳಿದು ಬರೆದೆ. ಚೀಟಿ ಇಟ್ಟ ಪುಟ ತೆರೆದೆ, ಮಾತು ಓದಿದೆ, ಹಿಂದಿ ಮಾಡಿದೆ, ಬರೆದೆ, ಕೈ ಕೊಡವಿ ಮೇಲೆ ಬಂದೆ. ಆ ದಿನದ್ದು ಕಲಾವಿದರ ಭಾಗದ್ದು, ಯಾವನೋ ಚಿತ್ರಕಾರನದ್ದು. ಎಷ್ಟು ತಟ್ಟಿದರೂ ತೆರೆಯದ ಬಾಗಿಲಿನ ಮುಂದೆ ಆಯುಷ್ಯ ಕಳೆಯಬೇಡ ಎಂಬರ್ಥದ ಮಾತು. ಬರೆಯುವಾಗ ನನಗೆ ಏನೂ ಅನಿಸಲಿಲ್ಲ. ಇದನ್ನು ನಾನು ಎಷ್ಟು ಜನರ ಮುಂದೆ ಪ್ರಮಾಣ ಮಾಡಿ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ನನಗೆ ನಾನೇ ಹೇಳಿಕೊಂಡಾಗ ಅದು ಅಷ್ಟು ಗಟ್ಟಿಯಾಗಿ ಕೇಳುವುದಿಲ್ಲ.

ಹುಡುಗಿ ಕೊತ್ತಂಬರಿ ಸೊಪ್ಪು ತರಲು ಕೆಳಗಿಳಿದಳು. ಬೀಗರಿಗೆಂದು ಉಪ್ಪಿಟ್ಟಿನ ತಯಾರಿ ನಡೆದಿತ್ತು. ಕೊತ್ತಂಬರಿ ಬರಲೇ ಇಲ್ಲ. ಅವಳು ಮೆಟ್ಟಿಲ ಬುಡದಲ್ಲಿ ನಿಂತು, ಓದಿ, ಬರಿಗೈಯಲ್ಲಿ ಮೇಲೆ ಬಂದು, ನಾನು ಹೋಗುವುದಿಲ್ಲ ಎಂದಳಂತೆ. ಬೀಗರು ಬಂದರು, ಉಪ್ಪಿಟ್ಟು ತಿಂದರು, ಚಹಾ ಕುಡಿದರು, ಹುಡುಗಿ ಕೋಣೆಯ ಚಿಲಕ ತೆಗೆಯಲಿಲ್ಲ, ಎದ್ದು ಹೋದರು. ಗಂಡನೂ ಬಂದಿದ್ದನಂತೆ. ಒಂದು ಮಾತೂ ಆಡಲಿಲ್ಲವಂತೆ.

ಮಧ್ಯಾಹ್ನ ಅಕ್ಕ ನಮ್ಮ ಬಾಗಿಲಿಗೆ ಬಂದರು. ಒಳಗೆ ಬನ್ನಿ ಎಂದರೆ ಬರಲಿಲ್ಲ, ಹೊಸ್ತಿಲಾಚೆಯೇ ನಿಂತರು.

"ನನ್ನ ಮನಿಯಾಗ ಕುಂತು ಹೋಗಲಿ ಅಂದಿ. ಕೆಳಗ ಹೋಗಿ ಹೋಗಬ್ಯಾಡ ಅಂತ ಬರದಿ. ಎರಡ ನಾಲಿಗಿ ಅದಾವೇನ ನಿನಗ?"

"ಅಯ್ಯೋ ಅಕ್ಕ, ನಾನು ಎಂತ ಬರ್ದೆ? ಪುಸ್ತಕದಲ್ಲಿ ಸಾಲಾಗಿ ಬಂದದ್ದು ಅದು. ಇವತ್ತಿನ ಪಾಳಿ ಅದರದ್ದು. ತಡೀರಿ, ತೋರಿಸ್ತೇನೆ."

"ತೋರಸಬ್ಯಾಡ. ಅಷ್ಟ ದೊಡ್ಡ ಮಂದಿ ಹೇಳ್ಯಾರ ಮಮ್ಮಿ, ನೀ ಏನ ಅವರಕಿಂತ ಶಾಣೇಕೀ ಅಂತ ಕೇಳತಾಳ ನನಗ, ನನ್ನ ಮಗಳು."

ಅಕ್ಕ ಹೋದರು. ಸಿಟ್ಟು ಬಂತು ನನಗೆ, ವಿಪರೀತ ಸಿಟ್ಟು. ಒಳಗೆ ಹೋಗಿ ಪುಸ್ತಕ ತೆಗೆದೆ, ಅವರ ಮುಖಕ್ಕೆ ಹಿಡಿಯಬೇಕು ಎಂದೇ. ತೆಗೆದವಳು ಅಲ್ಲೇ ಕೂತೆ. ಶನಿವಾರದ ಮಾತು ಒಂದು ಪುಟದಲ್ಲಿತ್ತು, ಭಾನುವಾರದ್ದು ಅದರ ಮುಂದಿನ ಪುಟದಲ್ಲಿರಲಿಲ್ಲ. ಎರಡು ಹಾಳೆ ದಾಟಿ ಇತ್ತು. ನಡುವೆ ನಾಲ್ಕು ಮಾತುಗಳಿದ್ದವು, ಒಂದನ್ನೂ ನಾನು ಬರೆದಿರಲಿಲ್ಲ. ಪಾಳಿಯಂತೆ ಬರೆಯಬೇಕಾಗಿದ್ದದ್ದು ತಾಳ್ಮೆಯ ಬಗ್ಗೆ ಒಬ್ಬ ಶಿಲ್ಪಿಯ ಮಾತು.

ನಾನು ಹೇಗೆ ದಾಟಿದೆ? ರದ್ದಿ ಪುಸ್ತಕ, ಹಾಳೆಗಳು ಅಲ್ಲಲ್ಲಿ ಅಂಟಿಕೊಳ್ಳುತ್ತಿದ್ದದ್ದು ನಿಜ. ಆದರೆ ಈ ಎರಡು ಹಾಳೆ ಬೆರಳು ಸೋಕಿದ ಕೂಡಲೇ ಬಿಟ್ಟುಕೊಂಡವು. ಚೀಟಿ ಜಾರಿತೇ? ಕೆಳಗೆ ನಿಂತು ಆ ತಾಳ್ಮೆಯ ಮಾತನ್ನು ನಾನು ಓದಿ, ಬೇಡ ಎಂದು ಮಗುಚಿದೆನೇ? ನೆನಪು ಮಾಡಿಕೊಳ್ಳಲು ಎಷ್ಟು ತಿಣುಕಿದರೂ ಸೀಮೆಸುಣ್ಣ ಹಿಡಿದ ಕೈ ನೆನಪಾಗುತ್ತದೆ, ಪುಟ ಮಗುಚಿದ ಕೈ ನೆನಪಾಗುವುದಿಲ್ಲ. ಹಾಗಾದರೆ ಶನಿವಾರ ಹೋಗ್ಲಿ ಎಂದದ್ದು ಸುಳ್ಳೇ? ಸುಳ್ಳಾದರೆ ಅದನ್ನು ಯಾಕೆ ಹೇಳಿದೆ? ನಿಜವಾದರೆ ಇದನ್ನು ಯಾಕೆ ಬರೆದೆ? ನನ್ನನ್ನು ನಾನೇ ಅಡ್ಡಪ್ರಶ್ನೆ ಮಾಡಿ ಸುಸ್ತಾದೆ.

ನಮ್ಮವರು ಬಂದ ಮೇಲೆ ಪುಸ್ತಕ ಮುಂದಿಟ್ಟು ಎಲ್ಲ ಹೇಳಿದೆ. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು, ಮೂಸಿ ನೋಡಿದರು.

"ಎಣ್ಣೆ ಅಂಟಿದ ಹಾಗೆ ಕಾಣ್ತದೆ."

"ಅಂಟಿದ್ದಾ, ನಾನೇ ಬಿಟ್ಟದ್ದಾ?"

"ನಂಗೆ ಹೇಗೆ ಗೊತ್ತಾಗ್ಬೇಕು? ಮಗುಚಿದ್ದು ನೀನು. ಒಟ್ಟು ನಿಂಗೆ ಎಂತಕ್ಕೆ ಬೇಕಿತ್ತು ಈ ಉಸಾಬರಿ? ಮೆನು ಬರೆದ್ರೆ ಯಾರ ಸಂಸಾರವೂ ಮುರಿಯುದಿಲ್ಲ."

ಅವರ ಮಾತಿಗೆ ನಗು ಬರಲಿಲ್ಲ. ಮರುದಿನ ಎದುರು ಮನೆಯಿಂದ ನಮ್ಮ ಡಬ್ಬಿ ಬಂತು. ತೊಳೆದು, ಒರೆಸಿ, ಖಾಲಿಯಾಗಿ. ಬಾಗಿಲ ಹೊರಗೆ ಇಟ್ಟು ಬೆಲ್ಲು ಒತ್ತಿ ಹೋಗಿದ್ದರು. ಅದನ್ನು ಕೈಯಲ್ಲಿ ಹಿಡಿದು ಅತ್ತುಬಿಟ್ಟೆ ನಾನು.

ಮೂರು ವಾರ ಹೀಗೇ ಹೋಯಿತು. ಮೆಟ್ಟಿಲಲ್ಲಿ ಎದುರಾದರೆ ಅಕ್ಕ ಗೋಡೆ ನೋಡುವರು. ಹುಡುಗಿ ಮಾತ್ರ ಆಫೀಸಿಗೆ ಹೋಗುವಾಗ ದಿನಾ ಒಂದು ನಿಮಿಷ ಹಲಗೆಯ ಮುಂದೆ ನಿಂತು ಓದಿ ಹೋಗುತ್ತಿದ್ದಳು. ನಾನಂತೂ ಪುಟ ಮಗುಚುವ ಮೊದಲು ಹಾಳೆಯನ್ನು ಎರಡೆರಡು ಸಲ ತಿಕ್ಕಿ ನೋಡುತ್ತಿದ್ದೆ. ಮಾತು ಯಾರದ್ದೇ ಇರಲಿ, ಅದು ಆ ಹುಡುಗಿಗೆ ಹೇಗೆ ಕೇಳಬಹುದು ಎಂಬುದೊಂದೇ ಚಿಂತೆ. ಮನುಷ್ಯ ಹಕ್ಕಿಯ ಹಾಗೆ ಹಾರುವುದರ ಬಗ್ಗೆ ಒಬ್ಬ ಬರೆದಿದ್ದ, ಅದೂ ಅವಳಿಗೇ ಹೇಳಿದ ಹಾಗೆ ಕಂಡಿತು. ಕಸದ ಚೀಲ ಒಡೆದ ಎರಡನೇ ಮಾಳಿಗೆಯವರು ಮಾತು ಬಿಟ್ಟಾಗ ನಗು ಬಂದಿತ್ತು, ಈಗ ನಾನೂ ಅವರ ಹಾಗೆಯೇ ಓದತೊಡಗಿದ್ದೆ.

ನಾಲ್ಕನೆಯ ವಾರದಲ್ಲಿ ಒಂದು ಮಧ್ಯಾಹ್ನ ಅಕ್ಕ ತಾವಾಗಿಯೇ ಬಂದರು. ಈ ಸಲ ಒಳಗೆ ಬಂದು ಅಡಿಗೆಮನೆಯಲ್ಲಿ ಮಣೆಯ ಮೇಲೆ ಕೂತರು. ಸೊರಗಿದ್ದರು.

"ಈ ಐತಾರ ಮತ್ತ ಬರತಾರಂತ ತಂಗಿ. ಇದ ಕಡೀ ಸರತಿ ಅಂತ ಹೇಳ್ಯಾರ. ಆಮ್ಯಾಲ ಬರಂಗಿಲ್ಲ."

ನಾನು ನೀರಿನ ಲೋಟ ಅವರ ಮುಂದಿಟ್ಟೆ.

"ನನ್ನ ಮಾತು ಕೇಳಂಗಿಲ್ಲ ಆಕಿ. ನಿನ್ನ ಬೋರ್ಡಿನ ಮಾತು ಕೇಳತಾಳ. ಹೋಗು ಅನ್ನೂ ಮಾತೂ ಇರಬೇಕಲ್ಲ ಆ ಪುಸ್ತಕದಾಗ? ಅದನ್ನ ಹುಡುಕಿ ಬರಿ."

"ಅಕ್ಕ, ಹಾಗೆ ಆರಿಸಿ ಬರೀಲಿಕ್ಕಿಲ್ಲ ಅಂತ ನಿಯಮ ಉಂಟಲ್ಲ..."

"ಆವತ್ತ ಎಲ್ಲಿ ಹೋಗಿತ್ತ ನಿಯಮ?"

ಎರಡು ಹಾಳೆಯ ವಿಚಾರ ಅವರಿಗೆ ಗೊತ್ತಿರಲಿಲ್ಲ. ಆದರೂ ಗೊತ್ತಿದ್ದವರ ಹಾಗೆ ನನ್ನ ಮುಖವನ್ನೇ ನೋಡುತ್ತ ಕೂತಿದ್ದರು. ಏನೋ ಕಾಯುವ ಹಾಗೆ. ಆಗ ನನಗೆ ಅದು ಸಿಟ್ಟಿನ ಹಾಗೆ ಕಂಡಿತ್ತು. "ಆಯ್ತಕ್ಕ, ಬರೀತೇನೆ" ಎಂದೆ. ಅವರು ತುಸು ಹೊತ್ತು ಹಾಗೇ ಕೂತು, ಎದ್ದು ಹೋದರು.

ಹುಡುಕಿದರೆ ಸಿಗದೇ ಇರುತ್ತದೆಯೇ? ಮೂರನೇ ಭಾಗದಲ್ಲಿ ಸಿಕ್ಕಿತು. ಯಾವುದೋ ಯಂತ್ರ ಕಂಡುಹಿಡಿದವನ ಮಾತು. ಕೈಗೆತ್ತಿಕೊಂಡದ್ದನ್ನು ಅರ್ಧಕ್ಕೆ ಬಿಡಬೇಡ, ಮತ್ತೊಮ್ಮೆ ಮಾಡು, ಮತ್ತೂ ಒಮ್ಮೆ ಮಾಡು ಎಂಬರ್ಥದ್ದು. ಆ ಪುಣ್ಯಾತ್ಮ ಹೇಳಿದ್ದು ಚಕ್ರ, ತಂತಿ, ತಿರುಪುಗಳ ವಿಚಾರ. ನಾನು ಅದನ್ನು ಎತ್ತಿ ಒಂದು ಹುಡುಗಿಯ ಸಂಸಾರಕ್ಕೆ ಸಿಕ್ಕಿಸಿದೆ. ಈ ಸಲ ಹಾಳೆ ಅಂಟಿತು ಎಂದು ಹೇಳುವ ಹಾಗೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಬರೆದು ಮುಗಿಸಿ ಸೀಮೆಸುಣ್ಣವನ್ನು ಡಬ್ಬಿಗೆ ಹಾಕುತ್ತಿದ್ದೆ. ಹಿಂದೆ ಚಪ್ಪಲಿಯ ಸದ್ದಾಯಿತು. ಅವಳು ಬಂದು ನನ್ನ ಪಕ್ಕ ನಿಂತಳು. ಓದಿದಳು. ಮತ್ತೊಮ್ಮೆ ಓದಿದಳು. ಮೇಲೆ ಮೊದಲ ಮಾಳಿಗೆಯ ತಿರುವಿನಲ್ಲಿ ಅಕ್ಕ ಕಟಕಟೆ ಹಿಡಿದು ನಿಂತದ್ದು ನನಗೆ ಕಾಣುತ್ತಿತ್ತು, ಅವಳಿಗೆ ಕಾಣುತ್ತಿರಲಿಲ್ಲ.

"ಆಂಟಿ, ವೋ ಭೀ ಆಪ್‌ನೇ ಲಿಖಾ ಥಾ. ಯೇ ಭೀ ಆಪ್‌ನೇ ಲಿಖಾ." ಅದನ್ನು ಬರೆದದ್ದೂ ನೀವೇ, ಇದನ್ನು ಬರೆದದ್ದೂ ನೀವೇ. ಕೋಪವಿರಲಿಲ್ಲ ಅವಳ ದನಿಯಲ್ಲಿ. ಲೆಕ್ಕ ಬಾರದ ಮಗು ಟೀಚರನ್ನು ಕೇಳುವ ಹಾಗೆ ಕೇಳುತ್ತಿದ್ದಳು.

"ನಾನು ಬರೆದದ್ದು ಹೌದು. ಆದ್ರೆ ಹೇಳಿದ್ದು ಅವ್ರಲ್ವಾ" ಎಂದು ಹೆಸರಿನ ಕಡೆ ಬೆರಳು ತೋರಿಸಿದೆ.

"ಉನ್‌ಕಾ ಛೋಡೋ ನಾ ಆಂಟಿ. ಆಪ್ ಬೋಲೋ." ಅವರದ್ದು ಬಿಡಿ, ನೀವು ಹೇಳಿ. ಅಷ್ಟು ಹೇಳಿ ನನ್ನ ಕೈ ಹಿಡಿದುಕೊಂಡಳು. ಸುಣ್ಣದ ಪುಡಿ ಅವಳ ಬೆರಳಿಗೂ ಹತ್ತಿತು. "ಜಾವೂಂ ಕಿ ನಹೀಂ?"

ಹೋಗಲೋ ಬೇಡವೋ. ಇಷ್ಟೇ ಪ್ರಶ್ನೆ. ಉತ್ತರ ಒಂದೇ ಪದದ್ದು. ಗಂಟಲಿನ ತನಕ ಬಂದಿತ್ತು ನನಗೆ, ಯಾವ ಪದ ಎಂದೂ ಗೊತ್ತಿತ್ತು. ಮೇಲೆ ಅಕ್ಕನ ಸೀರೆಯ ಅಂಚು ಅಲುಗಾಡಿತು. ಆ ಖಾಲಿ ಡಬ್ಬಿಯ ನೆನಪಾಯಿತು. ಮೂರು ವಾರದ ಗೋಡೆ ನೆನಪಾಯಿತು.

"ನಿನ್ನ ಅಮ್ಮ ಹೇಳಿದ ಹಾಗೆ ಮಾಡು ಮಗಾ" ಎಂದೆ.

ಅವಳು ನನ್ನ ಕೈ ಬಿಟ್ಟಳು. "ಠೀಕ್ ಹೈ ಆಂಟಿ" ಎಂದಳು. ಹನ್ನೊಂದು ಗಂಟೆಗೆ ಬೀಗರು ಬಂದರು, ಹನ್ನೆರಡಕ್ಕೆ ಅವಳನ್ನು ಕರೆದುಕೊಂಡು ಹೋದರು. ನಾನು ಕಿಟಕಿಯಿಂದ ನೋಡಿದೆ. ಗಂಡ ಮುಂದೆ, ಅವಳು ಹಿಂದೆ, ನಡುವೆ ಸೂಟ್‌ಕೇಸು. ಅವನು ಕೆಟ್ಟವನ ಹಾಗೆ ಕಾಣಲಿಲ್ಲ. ಅದೂ ನನ್ನನ್ನು ಗೊಂದಲಕ್ಕೆ ಹಾಕಿತು.

ಆ ಸಂಜೆ ಎದುರು ಮನೆಯಿಂದ ಡಬ್ಬಿ ತುಂಬ ಅವರ ಕಡೆಯ ಹಬ್ಬದ ಸಿಹಿ ಮಾದಲಿ ಬಂತು. ಸ್ನೇಹ ಮೊದಲಿನಂತೆ ಆಯಿತು ಎಂದು ನಾನು ನಂಬಿದೆ. ಆದರೆ ಅಕ್ಕ ನನ್ನನ್ನು ಕಾಡುವುದನ್ನು ಬಿಟ್ಟಿದ್ದರು. ನಾನು ಎಂತದು ಅಂದರೂ ಸುಮ್ಮನಿರುತ್ತಿದ್ದರು. ನನಗೂ ಹಲಗೆಯ ಮುಂದೆ ನಿಲ್ಲುವುದೇ ಬೇಡವಾಯಿತು. ಮಂಡಿ ನೋವು ಎಂದು ನೆಪ ಹೇಳಿ, ಒಂದು ತಿಂಗಳಾಗುವಷ್ಟರಲ್ಲಿ ಆ ಕೆಲಸ ಬಿಟ್ಟೆ. ಸೆಕ್ರೆಟರಿಯವರು ಅಲ್ಲಿ ನೀರು ಬರುವ ಹೊತ್ತು ಬರೆಯತೊಡಗಿದರು. ಪುಸ್ತಕವನ್ನು ನಮ್ಮವರು ತಂದ ಅಂಗಡಿಗೇ ವಾಪಸು ಹಾಕಿಬಂದರು.

ಎಂಟು ತಿಂಗಳಾದ ಮೇಲೆ, ಮಳೆ ನಿಂತ ಹೊಸತು, ಒಂದು ಮಧ್ಯಾಹ್ನ ಎದುರು ಬಾಗಿಲಿನಲ್ಲಿ ಸದ್ದಾಯಿತು. ಇಣುಕಿದರೆ ಅವಳು. ಹೆಗಲಿಗೆ ಒಂದೇ ಬ್ಯಾಗು. ಮೈ ಇಳಿದಿತ್ತು. ನನ್ನನ್ನು ನೋಡಿ ನಗಲು ಹೋದಳು, ತುಟಿ ನಡುವೆಯೇ ನಿಂತಿತು. ಒಳಗೆ ಹೋದಳು. ಈ ಸಲ ಟ್ರೇನಿಂಗು ಎಂದು ಯಾರಿಗೂ ಹೇಳುವ ಅಗತ್ಯ ಅಕ್ಕನಿಗೆ ಕಾಣಲಿಲ್ಲ.

ಒಂದು ಗಂಟೆ ತಡೆದು ನಾನು ಹೋದೆ. ಹುಡುಗಿ ಸ್ನಾನಕ್ಕೆ ಹೋಗಿದ್ದಳು. ಅಕ್ಕ ಅಡಿಗೆಮನೆಯಲ್ಲಿ ಕುಕ್ಕರಿಗೆ ಬೇಳೆ ಹಾಕುತ್ತಿದ್ದರು.

"ಬಂದದ್ದು ಒಳ್ಳೆದಾಯ್ತು ಅಕ್ಕ" ಎಂದೆ. ಎಂಟು ತಿಂಗಳು ಗಂಟಲಲ್ಲಿ ಕೂತಿದ್ದ ಮಾತು ಈಗ ಯಾವ ಅಡ್ಡಿಯೂ ಇಲ್ಲದೆ ಬಂತು.

ಅಕ್ಕ ಮುಚ್ಚಳ ಬಿಗಿದು ನನ್ನ ಕಡೆ ತಿರುಗಿದರು.

"ಆವತ್ತ ಯಾಕ ಅನಲಿಲ್ಲ ಇದನ್ನ?"

"ನೀವೇ ಅಲ್ವಾ ಅಕ್ಕ, ಬರಿ ಅಂದದ್ದು?"

"ನಾ ತಾಯಿ ಅದೇನಿ. ನಾ ಅಂತೇನಿ, ಅನ್ನಬೇಕಾಕ್ಕೇತಿ." ಅಕ್ಕನ ದನಿ ಒಡೆಯಿತು. "ಬರಿಯೂದಿಲ್ಲ ಹೋಗ ಅಕ್ಕ, ಕಳಸಬ್ಯಾಡ ಆಕಿನ್ನ, ಅಂತ ನೀ ಅಂತಿ ಅಂತ ನಿನ್ನ ಅಡಿಗಿ ಮನಿಯಾಗ ಬಂದು ಕುಂತಿದ್ದೆ. ಎಷ್ಟೊತ್ತು ಕುಂತಿದ್ದೆ. ಆ ಐತಾರ ಮೆಟ್ಟಲ ಮ್ಯಾಲ ನಿಂತೂ ಕಾದೆ. ಒಂದ ಮಾತ ಬರಲಿಲ್ಲಲ್ಲ ನಿನ್ನ ಬಾಯಾಗ."

ಅವರು ನಿಜಕ್ಕೂ ಅದಕ್ಕೇ ಬಂದಿದ್ದರೇ, ಅಥವಾ ಈ ಎಂಟು ತಿಂಗಳಲ್ಲಿ ಅವರ ಮನಸ್ಸು ಹಾಗೆ ತಿದ್ದಿಕೊಂಡಿತೇ? ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಎರಡರಲ್ಲಿ ಯಾವುದಾದರೂ ನನ್ನ ತಪ್ಪು ಕಡಿಮೆಯಾಗುವುದಿಲ್ಲ. ನನ್ನ ಮೇಲೆ ನನಗೇ ಹೇಸಿಗೆ ಹುಟ್ಟಿತು.

ಅಷ್ಟರಲ್ಲಿ ಹುಡುಗಿ ತಲೆಗೆ ಟವೆಲು ಸುತ್ತಿಕೊಂಡು ಬಂದಳು. ನಮ್ಮಿಬ್ಬರ ಮುಖ ನೋಡಿದಳು. ಏನಾಯಿತೆಂದು ಕೇಳಲಿಲ್ಲ. "ಬೈಠೋ ನಾ ಆಂಟಿ" ಎಂದು ನನ್ನನ್ನು ಕೂರಿಸಿ, ತಾನೂ ನೆಲದ ಮೇಲೆ ಗೋಡೆಗೆ ಒರಗಿ ಕೂತಳು. ಆಮೇಲೆ ಮಾತಾಡತೊಡಗಿದಳು. ಠಾಣೆಯಲ್ಲಿ ಗಾಡಿ ಬದಲಿಸುವಾಗ ಒಬ್ಬಳ ಬಳೆ ಇವಳ ಬ್ಯಾಗಿಗೆ ಸಿಕ್ಕಿದ್ದು, ಕಲ್ಯಾಣದ ಆ ಮನೆಯ ಫ್ಯಾನು ತಿರುಗುವಾಗ ಟಕ್ ಟಕ್ ಎನ್ನುವುದು, ಅದರ ಜೊತೆ ತಾನು ಮಾತಾಡುತ್ತಿದ್ದದ್ದು, ಆಫೀಸಿನ ಕ್ಯಾಂಟೀನಿನಲ್ಲಿ ವಡೆಯ ತೂತು ದೊಡ್ಡದಾದದ್ದು. ಹಿಂದಿಯಲ್ಲಿ ಶುರು ಮಾಡಿದವಳು ನಡುವೆ ಎಲ್ಲೋ ಅಕ್ಕನ ಕನ್ನಡಕ್ಕೆ ಬಂದಿದ್ದಳು. ಅವಳ ಬಾಯಲ್ಲಿ ಅಷ್ಟು ಕನ್ನಡ ನಾನು ಅದೇ ಮೊದಲು ಕೇಳಿದ್ದು. ಕುಕ್ಕರು ಮೂರು ಸಲ ಕೂಗಿತು, ಅಕ್ಕ ನಿಂತಲ್ಲಿಂದಲೇ ಕೈಚಾಚಿ ಗ್ಯಾಸು ಆರಿಸಿದರು. ಅವಳು ನಿಲ್ಲಿಸಲಿಲ್ಲ. ನಾಲ್ಕು ಮಾತಿಗೊಮ್ಮೆ ನನ್ನ ಮೊಣಕಾಲು ಅಲುಗಿಸಿ ಕೇಳುತ್ತಿದ್ದಳು:

"ಕೇಳಾಕತ್ತೀರಿ ಹೌದಿಲ್ಲೋ ಆಂಟಿ?"

"ಕೇಳ್ತಾ ಇದ್ದೇನೆ ಮಗಾ, ನೀನು ಹೇಳು" ಎಂದೆ.